ಕೆನ್ನೆಗೊತ್ತಿದ ಹಾಳೆ

ಬೆಳಿಗ್ಗೆ ಡ್ರಯರ್‌ನಿಂದ ಬಟ್ಟೆ ತೆಗೆದು ಮಡಚಿದೆ, ದೋಸೆಗೆ ಅಕ್ಕಿ ನೆನೆಹಾಕಿದೆ, ಊರಿಗೆ ಫೋನ್ ಮಾಡಿದೆ. ಮಧ್ಯಾಹ್ನ ಅಕ್ಕನ ಮಗಳು ಸಹನಾ ತಾನು ಅಚ್ಚಿನ ಕೆಲಸ ಕಲಿಯುವ ಇಲ್ಲಿನ ಕರ್ನಿ ಮೆಸಾ ಬಡಾವಣೆಯ ಸ್ಟುಡಿಯೋಗೆ ಕರೆದೊಯ್ದಳು.

ಅವಳ ಗುರು, ಜಪಾನಿನ ಕೆಂಜಿ, ಎಲೆಗಳಿರುವ ಕೊಂಬೆಯೊಂದನ್ನು ಕೆತ್ತಿದ ಮರದ ಹಲಗೆಗೆ ಬಣ್ಣ ಬಳಿಯುತ್ತಿದ್ದರು. ಕಾಗದ ಮಾತ್ರ ಸಹನಾಳ ಗೆಳತಿ, ಕೊರಿಯಾದ ಸೂಜಿನ್ ತಂದದ್ದು. ತೀರಿಕೊಂಡ ಅವಳಪ್ಪ ಕೈಯಾರೆ ಮಾಡಿದ ಮೂರೇ ಹಾಳೆ ಉಳಿದಿದ್ದವಂತೆ. ಅಚ್ಚೊತ್ತುವ ಮೊದಲು ಕಾಗದ ಒದ್ದೆಯಾಗಬೇಕು. ಕೆಂಜಿ ತಮ್ಮ ದೇಶದ ಕಾಗದದ ಅಂದಾಜಿನಲ್ಲಿ ಒದ್ದೆ ಮಾಡಿದ್ದರಿಂದ, ಈ ದಪ್ಪ ಹಾಳೆಗಳಿಗೆ ತೇವ ಇಳಿಯದೆ ಎರಡು ಹಾಳಾಗಿದ್ದವು.

"ನಲವತ್ತು ವರ್ಷ ಪಳಗಿದ ಕೈ ಇದು," ಎಂದರು ಕೆಂಜಿ, ಮುಖ ಸಣ್ಣದು ಮಾಡಿಕೊಂಡು.

"ಕೈ ನಿಮ್ಮದೇ ಸರ್, ಕಾಗದ ನಮ್ಮಪ್ಪನದು," ಎಂದಳು ಸೂಜಿನ್.

"ಹಾಗಾದರೆ ಯಾವಾಗ ಅಂತ ನೀನೇ ಹೇಳು," ಎಂದು ಅವರು ಕೈಕಟ್ಟಿ ನಿಂತರು.

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕೊನೆಯ ಹಾಳೆಯನ್ನು ಅವಳು ಕೆನ್ನೆಗೆ ಒತ್ತಿ ನೋಡಿ, ಮತ್ತೆ ಸುತ್ತಿಟ್ಟಳು.

"ಚಿಕ್ಕಮ್ಮಾ, ಬಟ್ಟೆ ಒಣಗಿದ್ಯಾ ಅಂತ ನೀವೂ ಹೀಗೇ ನೋಡೋದಲ್ವಾ?" ಎಂದು ಸಹನಾ ನಕ್ಕಳು. ಹೌದು, ಬೆಳಿಗ್ಗೆಯೂ ನೋಡಿದ್ದೆ.

ಮೂರನೇ ಸಲ ಒತ್ತಿ ನೋಡಿ ಸೂಜಿನ್ "ಈಗ" ಎಂದಳು. ಕೆಂಜಿ ಹಾಳೆ ಹಾಸಿ, ಉಜ್ಜಿ, ಮೆಲ್ಲಗೆ ಎತ್ತಿದರು. ಕೊಂಬೆಯ ಒಂದೊಂದು ಎಲೆಯೂ ಮೂಡಿತ್ತು. ನಾವು ಚಿತ್ರ ನೋಡುತ್ತಿದ್ದರೆ ಸೂಜಿನ್ ಹಾಳೆಯ ಹಿಂಬದಿಯನ್ನೇ ಬೆರಳಿನಿಂದ ಸವರುತ್ತಿದ್ದಳು.

"ಕಾಗದಕ್ಕೆ ಪೆಟ್ಟಾಗಿದೆಯಾ?" ಕೆಂಜಿ ಕೇಳಿದರು.

"ಇಲ್ಲ."

ರಾತ್ರಿ ಮನೆಯಲ್ಲಿ ಊಟಕ್ಕೆ ಅನ್ನ, ಸೌತೆಕಾಯಿ ಹುಳಿ. ಸಹನಾ ಮೊದಲು ಮಲಗಿದಳು, ಬೆರಳಿನ ಬಣ್ಣವನ್ನೂ ತೊಳೆಯದೆ.