ಇಳಿಯುವ ಮಂಚ

ಮಂಚ ನೆಲದಿಂದ ಎಷ್ಟು ಎತ್ತರವಿರಬೇಕು ಎಂಬುದು ಯೋಚಿಸಬೇಕಾದ ವಿಷಯವೇ ಅಲ್ಲ ಎಂದು ನೀವು ತಿಳಿದಿದ್ದರೆ, ನಿಮ್ಮ ಮನೆಯಲ್ಲಿ ಕಸ ಗುಡಿಸುವವರು ಬೇರೆ ಯಾರೋ ಇರಬೇಕು. ಗುಡಿಸುವವಳಿಗೆ ಗೊತ್ತು: ಮಂಚ ತೀರ ತಗ್ಗಾದರೆ ಪೊರಕೆ ಒಳಗೆ ಹೋಗುವುದಿಲ್ಲ; ತೀರ ಎತ್ತರವಾದರೆ ಹಳೆಯ ಟ್ರಂಕು, ಕೆಟ್ಟ ಟೇಬಲ್ ಫ್ಯಾನು, ಗೌರಿ ಹಬ್ಬದ ಮೊರ, ಯಾರೋ ಕೊಟ್ಟ ನಾಲ್ಕು ತೆಂಗಿನಕಾಯಿ ಹೀಗೆ ಅರ್ಧ ಸಂಸಾರವೇ ಅದರಡಿ ಹೋಗಿ ಅಡಗಿಕೊಳ್ಳುತ್ತದೆ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ಬಹುಕಾಲ ಪೊರಕೆ ಹಿಡಿದ ತಪಸ್ಸಿನ ಫಲವಾಗಿ ನನಗೆ ದರ್ಶನವಾದ ಪ್ರಮಾಣವೆಂದರೆ ಒಂದು ಮೊಳ. ಈ ಶಾಸ್ತ್ರವನ್ನು ನಾನು ಯಾರಿಗೂ ಬೋಧಿಸಿದವಳಲ್ಲ. ಯಾರೂ ಕೇಳಲಿಲ್ಲ ಎಂಬುದೇ ಅದಕ್ಕೆ ಮುಖ್ಯ ಕಾರಣ.

ಕೇಳಬೇಕಾಗಿದ್ದವನು ನನ್ನ ಮೈದುನ ಪ್ರಸನ್ನ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವನು ಕಾರ್ಖಾನೆಯ ಕೆಲಸದಿಂದ ಸ್ವಯಂನಿವೃತ್ತಿ ಪಡೆದು ಜೆ.ಪಿ. ನಗರದಲ್ಲಿ ಮಂಚದ ಅಂಗಡಿ ತೆರೆದ. ಸುತ್ತಲೂ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ. ಹೊಸ ಹಣ ಕಂಡವರಿಗೆ ಹಳೆಯ ನಿದ್ರೆ ಸಾಲದಾಗಿತ್ತು. ಅವನ ಅಂಗಡಿಯಲ್ಲಿ ದೋಣಿಯಾಕಾರದ ಮಂಚವಿತ್ತು, ಚಕ್ರದ ಹಾಗೆ ದುಂಡಗಿನ ಮಂಚವಿತ್ತು, ಕಾಲಿನ ಬದಿಯಿಂದ ಟೀವಿ ಎದ್ದು ಬರುವ ಮಂಚವಿತ್ತು. ಎಲ್ಲಕ್ಕಿಂತ ದುಬಾರಿಯಾದದ್ದರ ತಲೆದೆಸೆಯಲ್ಲಿ ಗಾಜಿನ ತೊಟ್ಟಿ ಕೂರಿಸಿ ಮೀನು ಬಿಟ್ಟಿದ್ದ. ನಾವು ಕಣ್ಣು ಮುಚ್ಚಿದ ಮೇಲೆ ರೆಪ್ಪೆಯೇ ಇಲ್ಲದ ಹತ್ತು ಹದಿನೈದು ಕಣ್ಣುಗಳು ನಮ್ಮನ್ನು ನೋಡುತ್ತಿರುತ್ತವೆ ಎಂಬ ಕಲ್ಪನೆಗೇ ನನ್ನ ಬೆನ್ನು ತಣ್ಣಗಾಗಿತ್ತು. ಹಂಸತೂಲಿಕಾತಲ್ಪ ಎಂಬ ಶಬ್ದವನ್ನು ಪುರಾಣ ಪ್ರವಚನದಲ್ಲಿ ಮಾತ್ರ ಕೇಳಿದ್ದ ನಮ್ಮ ಅತ್ತೆ, ಅಂಗಡಿಯ ಪೂಜೆಯ ದಿನ ದುಂಡು ಮಂಚಕ್ಕೆ ಒಂದು ಪ್ರದಕ್ಷಿಣೆ ಬಂದು ಮಗನನ್ನು ಕೇಳಿದರು.

"ಇದ್ರಲ್ಲಿ ತಲೆ ಎಲ್ಲಿಡೋದೋ?"

"ಎಲ್ಲಿ ಬೇಕಾದ್ರೂ ಇಡಬಹುದಮ್ಮ."

"ಎಲ್ಲಿ ಬೇಕಾದ್ರೂ ತಲೆ ಇಟ್ಟು ಮಲಗೋಕೆ ನಾನೇನು ಬೆಕ್ಕೇನೋ?"

ಅತ್ತೆ ಜೀವಮಾನವಿಡೀ ಚಾಪೆಯ ಮೇಲೆ ಮಲಗಿದವರು. ಅಂಥವರು ಆ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಡಾಕ್ಟರು, ಇನ್ನು ನೆಲದ ಮೇಲೆ ಮಲಗುವಂತಿಲ್ಲ, ಮಂಚವೇ ಆಗಬೇಕು ಎಂದರು. ನಮ್ಮನ್ನು ಹೊರಗೆ ಕರೆದು, ಹೃದಯವೂ ದುರ್ಬಲವಾಗಿದೆ, ಯಾವಾಗ ಏನೆಂದು ಹೇಳಲಾಗದು ಎಂದೂ ಸೇರಿಸಿದರು. ಎರಡನೆಯ ಮಾತನ್ನು ನಾವು ಮುಚ್ಚಿಟ್ಟೆವು. ನಮ್ಮ ಮುಖ ನೋಡಿಯೇ ಅತ್ತೆ ಅದನ್ನು ತಿಳಿದುಕೊಂಡರು.

ಅವರಿಗೆ ಸಾವಿನ ಭಯವಿರಲಿಲ್ಲ; ಮಂಚದ ಭಯವಿತ್ತು. ನಿಮ್ಮ ಮನೆಯ ಹಿರಿಯರೂ ಹೇಳಿರಬಹುದು: ಪ್ರಾಣ ಹೋಗುವಾಗ ಮೈ ಭೂಮಿಗೆ ತಾಗಿರಬೇಕು, ಮಂಚದ ಮೇಲೆ ಹೋದರೆ ಅತ್ತ ಆಕಾಶವೂ ಅಲ್ಲದ ಇತ್ತ ಭೂಮಿಯೂ ಅಲ್ಲದ ಅಂತರಿಕ್ಷದಲ್ಲಿ ಹೋದಂತೆ, ಆ ಜೀವ ದಾರಿ ಕಾಣದೆ ಅಲ್ಲೇ ತೂಗುತ್ತಿರುತ್ತದೆ. ಅದಕ್ಕೇ ಕೊನೆಯ ಉಸಿರಿಗೆ ಮೊದಲು ಮಂಚದಿಂದ ಇಳಿಸುತ್ತಾರೆ. ಒಂದು ದಿನ ತಲೆ ಬಾಚುತ್ತಿದ್ದಾಗ ಅತ್ತೆ ನನ್ನ ಮುಂಗೈ ಹಿಡಿದುಕೊಂಡರು.

"ಗಂಡುಮಕ್ಕಳ ಕೈಲಿ ಆಗಲ್ಲ ಕಣೇ, ಅವ್ರು ಅಳ್ತಾ ನಿಂತ್ಬಿಡ್ತಾರೆ. ನೀನು ಇಳಿಸ್ತೀಯಲ್ಲ?"

"ಇಳಿಸ್ತೀನಿ ಅತ್ತೆ."

ಮಾತು ಕೊಡುವುದು ಸುಲಭ, ಬಾಚಣಿಗೆ ಕೈಯಲ್ಲಿದ್ದಾಗ ಇನ್ನೂ ಸುಲಭ. ಆದರೆ ಯಜಮಾನರು ಆಫೀಸಿಗೆ ಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿ ಇರುವುದು ನಾವಿಬ್ಬರೇ. ಅತ್ತೆಯದು ತುಂಬು ಶರೀರ. ಗೋಧಿ ಡಬ್ಬ ಎತ್ತಿದರೇ ಸೊಂಟ ಹಿಡಿದುಕೊಳ್ಳುವ ನಾನು ಅವರನ್ನು ಇಳಿಸುವುದೆಂತು? ಈ ಸಂಕಟವನ್ನು ಪ್ರಸನ್ನನಲ್ಲಿ ತೋಡಿಕೊಂಡೆ. ಅವನು ಟೇಪು ತೆಗೆದು ಕೋಣೆ ಅಳೆದ.

ಒಂದು ತಿಂಗಳಲ್ಲಿ ಮಂಚ ಬಂತು. ನಾಲ್ಕು ಮೂಲೆಗೆ ನಾಲ್ಕು ತೇಗದ ಕಂಬ, ಕಂಬದ ತುದಿಗೆ ಕಮಲದ ಮೊಗ್ಗು, ತಲೆದೆಸೆಗೆ ಮೆತ್ತನೆಯ ಮರೂನ್ ಮಖಮಲ್ಲು. ಕಂಬದೊಳಗೆ ತಿರುಪಿನ ಕಬ್ಬಿಣದ ಸರಳು, ಅದನ್ನು ತಿರುಗಿಸಲು ಮೋಟಾರು. ಗೋಡೆಯ ಮೊಳೆಗೆ ನೇತುಹಾಕಿದ ಪುಟ್ಟ ಪೆಟ್ಟಿಗೆಯಲ್ಲಿ ಎರಡು ಗುಂಡಿ: ಒಂದನ್ನು ಒತ್ತಿದರೆ ಹಲಗೆ ಹಾಸಿಗೆಯ ಸಮೇತ ಕಂಬಗಳ ನಡುವೆ ಮೆಲ್ಲನೆ ಇಳಿಯುತ್ತದೆ, ಇನ್ನೊಂದನ್ನು ಒತ್ತಿದರೆ ಏರುತ್ತದೆ. ಮೊದಲ ಪರೀಕ್ಷೆಯಲ್ಲಿ ಹಲಗೆ ನೆಲಕ್ಕಿಂತ ಎರಡು ಬೆರಳು ಮೇಲೆಯೇ ನಿಂತಿತು. ಪ್ರಸನ್ನ, ಇಷ್ಟು ಸಾಲದೇ ಎಂದ. "ಎರಡು ಬೆರಳು ಗಾಳೀಲಿ ಹೋದ್ರೂ ಗಾಳೀಲಿ ಹೋದ ಹಾಗೇ ಕಣೋ" ಎಂದರು ಅತ್ತೆ. ಅವನು ಮತ್ತೆ ಬಿಚ್ಚಿ, ಕೊರೆದು, ಹಲಗೆ ನೆಲಕ್ಕೆ ಮುತ್ತಿಡುವ ಹಾಗೆ ಮಾಡಿಕೊಟ್ಟ. ಅಂಗಡಿಯ ಯಾವ ಮಂಚಕ್ಕೂ ಅವನು ಅಷ್ಟು ಶ್ರದ್ಧೆ ಸುರಿದದ್ದನ್ನು ನಾನು ಕಾಣೆ.

ಭಾರ ಇಳಿಯಿತು ಎಂದುಕೊಂಡೆ. ಇಳಿದದ್ದು ಅತ್ತೆಯ ಭಾರ ಮಾತ್ರ. ನಾಲ್ಕು ಜನ ಸೇರಿ ಇಳಿಸುವಾಗ ಕಾಲ ಬಂತೆಂದು ನಾಲ್ವರೂ ನಿರ್ಧರಿಸಿರುತ್ತಾರೆ; ಈಗ ಆ ನಿರ್ಧಾರವೆಲ್ಲ ನನ್ನೊಬ್ಬಳ ಹೆಬ್ಬೆರಳಿನ ತುದಿಗೆ ಬಂದು ಕುಳಿತಿತ್ತು. ಬೇಗ ಒತ್ತಿದರೆ, ಬದುಕಿರುವವರಿಗೆ ನಿಮ್ಮದು ಮುಗಿಯಿತು ಎಂದು ಹೇಳಿದಂತೆ. ತಡವಾದರೆ ಕೊಟ್ಟ ಮಾತು ಹೋದಂತೆ. ಒಮ್ಮೆ ಧೂಳು ಒರೆಸಲು ಆ ಪೆಟ್ಟಿಗೆಯನ್ನು ಮೊಳೆಯಿಂದ ತೆಗೆದೆ ಅಷ್ಟೇ. ಹಿಂದಿನಿಂದ ಅತ್ತೆಯ ಸ್ವರ, ಹಾಲು ಬಂತಾ ಎಂದು ಕೇಳುವಷ್ಟು ಸಹಜವಾಗಿ:

"ಯಾಕೇ, ಬಂತಾ?"

ಧೂಳು ಒರೆಸದೆಯೇ ಪೆಟ್ಟಿಗೆಯನ್ನು ಮೊಳೆಗೆ ತೂಗುಹಾಕಿದೆ.

ಆಮೇಲೆ ಮಂಚ ತಾನಾಗಿ ಇಳಿಯತೊಡಗಿತು.

ಮೊದಲನೆಯ ಸಲ ಮಧ್ಯಾಹ್ನ ಮೂರರ ಸಮಯ. ನಮ್ಮ ಬೀದಿಯ ಮಧ್ಯಾಹ್ನಗಳಲ್ಲಿ ಒಂದು ಬಗೆಯ ನಿರ್ಜನತೆ ಇರುತ್ತಿತ್ತು. ತರಕಾರಿ ಗಾಡಿ ಹೋಗಿ ಆಗಿರುತ್ತಿತ್ತು, ಮಕ್ಕಳು ಶಾಲೆಯಿಂದ ಬಂದಿರುತ್ತಿರಲಿಲ್ಲ, ಬಿಸಿಲೇ ಕಿವಿಗೆ ಕೇಳಿಸುವಷ್ಟು ಮೌನ. ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ, ಪಕ್ಕದಲ್ಲಿ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಆ ಹಾಡಿನಡಿಯಿಂದ ಮೋಟಾರಿನ ಗುಂಯ್ ಎಂಬ ನಾದ ಕೇಳಿತು. ಓಡಿದೆ. ಅತ್ತೆ ಎದೆಯ ಮೇಲೆ ಕೈಜೋಡಿಸಿ, ಕಣ್ಣು ತೆರೆದು, ಮೆಲ್ಲನೆ ಕೆಳಗೆ ಹೋಗುತ್ತಿದ್ದರು, ಕಲ್ಯಾಣಿಯಲ್ಲಿ ಕಾಣಿಕೆ ಮುಳುಗುವ ಹಾಗೆ. ಪೆಟ್ಟಿಗೆ ಮೊಳೆಯಲ್ಲೇ ತೂಗುತ್ತಿತ್ತು. ಮಲಗಿದ್ದಲ್ಲಿಂದ ಅವರ ಕೈಗೆ ಅದು ಎಟುಕುವ ಮಾತೇ ಇಲ್ಲ.

"ನಾನು ಒತ್ತಿಲ್ಲ ಕಣೇ" ಎಂದರು.

ದೇವರ ಮನೆಯಿಂದ ಗಂಗಾಜಲದ ಗಿಂಡಿ, ತುಳಸಿ ತಂದು ಉದ್ಧರಣೆಯಲ್ಲಿ ಬಾಯಿಗೆ ಹಾಕಿದೆ. ಗುಟುಕರಿಸಿ ಕಣ್ಣು ಮುಚ್ಚಿದರು. ಪಕ್ಕದಲ್ಲಿ ಕುಳಿತು ಕಾದೆ. ಅವರೂ ಕಾದರು. ಬಹಳ ಹೊತ್ತಿನ ಮೇಲೆ ಒಂದು ಕಣ್ಣು ಮಾತ್ರ ತೆರೆಯಿತು.

"ಏನೂ ಆಗ್ತಿಲ್ವಲ್ಲೇ. ಎತ್ತು, ಕಾಫಿ ಹೊತ್ತಾಯ್ತು."

ಪ್ರಸನ್ನ ಬಂದು ಎಲ್ಲ ಬಿಚ್ಚಿ ನೋಡಿದ. "ಕರೆಂಟು ಹೋಗಿ ಬಂದಾಗ ಹೀಗಾಗಿರ್ಬೇಕು ಅತ್ತಿಗೆ" ಎಂದ. ಆ ಮಧ್ಯಾಹ್ನ ಕರೆಂಟು ಹೋಗಿರಲಿಲ್ಲ, ಫ್ಯಾನು ನಿಂತಿರಲಿಲ್ಲ. ಅಷ್ಟು ಮುತುವರ್ಜಿಯಿಂದ ಮಾಡಿದವನಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಆ ತಿಂಗಳಲ್ಲಿ ಇನ್ನೂ ಎರಡು ಸಲ ಮಂಚ ಇಳಿಯಿತು. ಎರಡು ಸಲವೂ ನಾನು ಗಿಂಡಿ ಹಿಡಿದು ಓಡಿದೆ. ಮನೆಯಲ್ಲಿ ಗ್ರೈಂಡರು ತಿರುಗಿದರೂ, ಬೀದಿಯಲ್ಲಿ ಆಟೋ ಹೋದರೂ ನನಗೆ ಮಂಚ ಇಳಿದಂತೆಯೇ ಕೇಳಿಸತೊಡಗಿತು.

ಒಂದು ಬೆಳಿಗ್ಗೆ ಯಜಮಾನರು ಆಫೀಸಿಗೆ ಹೊರಡುವ ಮೊದಲು ಅವರ ಸಹಾಯದಿಂದ ಅತ್ತೆಯನ್ನು ಗೋಡೆಯ ಬದಿಯ ಕುರ್ಚಿಯಲ್ಲಿ ಕೂರಿಸಿ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದೆ. ನನ್ನ ಬಾಡಿದ ಮುಖ ನೋಡಿ, "ಒಂದು ಗಳಿಗೆ ಅಲ್ಲೇ ಮಲಗ್ಕೋ, ನಾನು ಕೂತಿರ್ತೀನಿ" ಎಂದರು. ಮಲಗಿದೆ. ಆ ಹಾಸಿಗೆ ಎಂಥ ಹಾಸಿಗೆ ಅಂತೀರಿ! ಮೈಯನ್ನು ಯಾರೋ ಅಂಗೈಯಲ್ಲಿ ತೆಗೆದುಕೊಂಡ ಹಾಗೆ. ಕಣ್ಣು ಎಳೆಯುತ್ತಿತ್ತು. ಅರೆನಿದ್ರೆಯಲ್ಲಿ ನೋಡುತ್ತೇನೆ: ಫ್ಯಾನು ಮೇಲಕ್ಕೆ ಹೋಗುತ್ತಿದೆ. ಸೂರು ಮೇಲಕ್ಕೆ ಹೋಗುತ್ತಿದೆ. ಗೋಡೆಗಳು ಸದ್ದಿಲ್ಲದೆ ಬೆಳೆಯುತ್ತಿವೆ, ಕಿಟಕಿಯಲ್ಲಿದ್ದ ಸಂಪಿಗೆ ಮರ ಮರೆಯಾಗಿ ಬರಿಯ ಆಕಾಶ, ಆಮೇಲೆ ಅದೂ ಇಲ್ಲ. ನಾನು ಇಳಿಯುತ್ತಿದ್ದೇನೆ ಎಂದು ಅನಿಸಲೇ ಇಲ್ಲ. ನನ್ನನ್ನೊಬ್ಬಳನ್ನೇ ಬಿಟ್ಟು ಲೋಕವೆಲ್ಲ ಎದ್ದು ಹೊರಟಿದೆ ಎನಿಸಿತು. ಕೂಗೋಣವೆಂದರೆ ನಾಲಗೆ ಹೊರಳದು. ಹಲಗೆ ನೆಲಕ್ಕೆ ಮುಟ್ಟಿದಾಗ ಮುಖ ಹೊರಳಿಸಿದೆ. ಕಣ್ಣಿನ ಸಮಕ್ಕೆ ಅತ್ತೆಯ ಪಾದ, ಮೇಲೆ ಅವರ ತೊಡೆಯ ಮೇಲೆ ಆ ಪೆಟ್ಟಿಗೆ.

"ಹೀಗಿರತ್ತೆ" ಎಂದರು. "ಭಯ ಆಯ್ತಾ?"

"ಆಯ್ತು."

"ನಂಗೂ ಮೊದ್ಲು ಆಗ್ತಿತ್ತು. ಈಗ ಇಳಿಯೋದಕ್ಕೆ ಭಯ ಇಲ್ಲ. ನೀನು ಗಿಂಡಿ ಹಿಡ್ಕೊಂಡು ಓಡಿ ಬರ್ತೀಯಲ್ಲ, ಆ ನಿನ್ನ ಮುಖ ನೋಡಿದ್ರೇ ಭಯ."

"ಹಾಗಾದ್ರೆ ಅವತ್ತೆಲ್ಲ ನೀವೇ ಒತ್ತಿದ್ದಾ ಅತ್ತೆ?"

"ಇವತ್ತೊಂದು ದಿನ ನಾನೇ" ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಅಂದು ಸೌಟು ಹಿಡಿದು ನಿಂತಲ್ಲೇ ನನಗೊಂದು ಉಪಾಯ ಹೊಳೆಯಿತು. ಹೆದರಿಸುವ ಯಾವುದನ್ನೇ ಆಗಲಿ ದಿನಚರಿಗೆ ಸೇರಿಸಿಬಿಟ್ಟರೆ ಅದರ ಹಲ್ಲು ಉದುರುತ್ತದೆ. ದಿನಾ ಊಟವಾದ ಮೇಲೆ ಎರಡು ಗಂಟೆಗೆ ಮಂಚ ಇಳಿಸುವುದು, ನಾಲ್ಕಕ್ಕೆ ಕಾಫಿಯ ಜೊತೆ ಎತ್ತುವುದು. ದಿನಾ ಒತ್ತುವ ಗುಂಡಿಗೆ ಅರ್ಥವೆಲ್ಲಿಯದು? ಅತ್ತೆಗೂ ಇದು ಹಿಡಿಸಿತು. ಮಧ್ಯಾಹ್ನ ನೆಲಕ್ಕಿಳಿದು, ಬೆಚ್ಚನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಅಂಗೈ ಊರಿ ನಿದ್ದೆ ಹೋಗುತ್ತಿದ್ದರು. ವಿಚಿತ್ರವೆಂದರೆ ಅಂದಿನಿಂದ ಮಂಚ ತಾನಾಗಿ ಇಳಿಯುವುದನ್ನು ನಿಲ್ಲಿಸಿತು. ಕೇಳಿದ್ದನ್ನು ಕೊಟ್ಟ ಮೇಲೆ ಹಟ ಬಿಟ್ಟ ಹಾಗೆ.

ಹೀಗೆ ಏಳೆಂಟು ತಿಂಗಳು ಹೋಯಿತು.

ಆ ದಿನವೂ ಎರಡಕ್ಕೆ ಇಳಿಸಿದೆ. ನಾಲ್ಕಕ್ಕೆ ಕಾಫಿ ಬೆರೆಸಿದೆ. ಹೊಸ ಪುಡಿ, ಲೋಟದ ಕಂಠದವರೆಗೆ ನೊರೆ. ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದರಿಂದ ಮೊಳೆಯ ಮೇಲಿನ ಪೆಟ್ಟಿಗೆ ತೆಗೆದು, "ಅತ್ತೆ, ಕಾಫಿ" ಎನ್ನುತ್ತಾ ಗುಂಡಿ ಒತ್ತಿದೆ. ಮಂಚ ಏರತೊಡಗಿತು. ನನ್ನ ಕಣ್ಣು ಲೋಟದ ಮೇಲಿತ್ತು. ತುಂಬಿದ ಲೋಟ, ಬಿಸಿ ಕಾಫಿ, ಆ ಮರೂನ್ ಮಖಮಲ್ಲಿನ ಮೇಲೆ ಒಂದು ಹನಿ ಬಿದ್ದರೂ ಕಲೆ ಹೋಗುವುದಿಲ್ಲ. ಮೋಟಾರು ನಿಂತಿತು. "ತಗೊಳ್ಳಿ" ಎಂದು ಲೋಟ ಚಾಚಿದೆ. ಕೈ ಬರಲಿಲ್ಲ.

ಮುಟ್ಟಿದೆ. ಕೈ ಬೆಚ್ಚಗಿತ್ತು. ಮೂಗಿನ ಬಳಿ ಬೆರಳು ಹಿಡಿದೆ. ಏನೂ ಇರಲಿಲ್ಲ.

ಲೋಟವನ್ನು ಕಿಟಕಿಯ ಮೇಲಿಟ್ಟು, ಇನ್ನೊಂದು ಗುಂಡಿ ಒತ್ತಿ, ಮಂಚವನ್ನು ಮತ್ತೆ ಕೆಳಗಿಳಿಸಿದೆ. ಗಂಗಾಜಲ ಹಾಕಿದೆ, ಬಾಯಿಯ ಕೊನೆಯಿಂದ ಹರಿದು ದಿಂಬಿಗೆ ಇಳಿಯಿತು. ಆಮೇಲೆ ಫೋನು ಮಾಡಿದೆ. ಈ ಕ್ರಮವನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಸಂಜೆ ಪುರೋಹಿತರು ಬಂದು, ಕೇಳಲೇಬೇಕಾದ್ದನ್ನು ಕೇಳಿದರು: "ಪ್ರಾಣ ಎಲ್ಲಿ ಹೋಯ್ತಮ್ಮ? ನೆಲದ ಮೇಲೋ, ಮಂಚದ ಮೇಲೋ?" ಮಂಚದ ಮೇಲಾದರೆ ಅದಕ್ಕೆ ಬೇರೆ ಪ್ರಾಯಶ್ಚಿತ್ತವಿದೆ. ಯಜಮಾನರು ನನ್ನ ಕಡೆ ನೋಡಿದರು. ಕಂಬ ಹಿಡಿದು ನಿಂತಿದ್ದ ಪ್ರಸನ್ನನೂ ನೋಡಿದ.

"ನೆಲದ ಮೇಲೆ" ಎಂದೆ.

"ಉಪಯೋಗಕ್ಕೆ ಬಂತಲ್ಲ ಅತ್ತಿಗೆ, ಅಷ್ಟು ಸಾಕು" ಎಂದು ಪ್ರಸನ್ನ ಕಂಬಕ್ಕೆ ಹಣೆಯೊತ್ತಿ ಅತ್ತ. ಆ ಪ್ರಾಯಶ್ಚಿತ್ತವನ್ನು ಬಿಟ್ಟು ಉಳಿದದ್ದೆಲ್ಲ ನಡೆಯಿತು.

ನಾನು ಹೇಳಿದ್ದು ನಿಜವೇ ಇರಬಹುದು. ಎರಡೂವರೆಗೋ ಮೂರಕ್ಕೋ ನಿದ್ದೆಯಲ್ಲೇ, ಅಂಗೈ ನೆಲಕ್ಕೆ ಊರಿ ಹೋಗಿದ್ದಿರಬಹುದು. ಅಥವಾ ನಾನು ಕರೆದ ದನಿಗೆ ಎಚ್ಚೆತ್ತು, ಏರುತ್ತಿದ್ದ ಹಲಗೆಯ ಮೇಲೆ, ಫ್ಯಾನು ಹತ್ತಿರ ಬರುವುದನ್ನು ನೋಡುತ್ತಾ, ನಡುದಾರಿಯಲ್ಲೆಲ್ಲೋ. ನೋಡಬಹುದಾಗಿದ್ದವಳು ನಾನೊಬ್ಬಳೇ, ನಾನು ಕಾಫಿ ನೋಡುತ್ತಿದ್ದೆ.

ಮಂಚವನ್ನು ಪ್ರಸನ್ನ ಅಂಗಡಿಗೆ ಒಯ್ದ. ಉದ್ದೇಶ ಗೊತ್ತಿಲ್ಲದವರಿಗೆ ಅದು ಬಹಳ ಹಿಡಿಸಿ, ಅದೇ ಮಾದರಿಯವು ಎಷ್ಟೋ ಮಾರಿಹೋದವಂತೆ. ಮೊನ್ನೆ ಜೆ.ಪಿ. ನಗರದಲ್ಲಿ ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆಯೊಡತಿ, ನನಗೆ ಸೊಸೆಯಾಗಬಹುದಾದ ವಯಸ್ಸಿನ ಹುಡುಗಿ, ನನ್ನ ಕೈಗೆ ದ್ರಾಕ್ಷಿರಸದ ಲೋಟ ಕೊಟ್ಟು ಮಲಗುವ ಕೋಣೆಗೆ ಕರೆದೊಯ್ದಳು. "ಆಂಟಿ, ಇದು ನೋಡಿ, ಸಖತ್ತಾಗಿದೆ!" ಎಂದು ಗುಂಡಿ ಒತ್ತಿದಳು. ನಾಲ್ಕು ಕಂಬಗಳ ನಡುವೆ, ನೆಲದಿಂದ, ಖಾಲಿ ಹಾಸಿಗೆಯೊಂದು ಗುಂಯ್ ಎನ್ನುತ್ತಾ ಏರತೊಡಗಿತು. ಅದರ ಮೇಲೆ ಒಂದೇ ಒಂದು ದಿಂಬು. ನಾನು ಆ ದಿಂಬಿನಿಂದ ಕಣ್ಣು ಕೀಳಲಿಲ್ಲ. ಎರಡು ಬೆರಳಿನಷ್ಟು ಏರಿದಾಗಲೂ, ಗೇಣಿನಷ್ಟು ಏರಿದಾಗಲೂ, ಮೊಳದೆತ್ತರಕ್ಕೆ ಬಂದು ನಿಂತಾಗಲೂ.

"ಅಯ್ಯೋ ಆಂಟಿ, ಜ್ಯೂಸು!" ಎಂದಳು ಹುಡುಗಿ.

ಲೋಟ ಓರೆಯಾಗಿ ಅವಳ ಹೊಸ ಬಿಳಿ ಮಾರ್ಬಲ್ಲಿನ ಮೇಲೆಲ್ಲ ಸುರಿದಿತ್ತು. ಬಟ್ಟೆ ಕೊಡಮ್ಮಾ, ಒರೆಸ್ತೀನಿ ಎಂದೆ. ದಿಂಬನ್ನು ನೋಡುತ್ತಲೇ ಎಂದೆ.