ಅಪ್ಪನ ಪಕ್ಕದ ಜಾಗ

ಸಮುದ್ರ ತನ್ನ ದಂಡೆಯನ್ನು ಹೇಗೆ ಕೊರೆಯುತ್ತದೆ ಎಂದು ರಾಯಚೂರಿನ ಶಾಲೆಯಲ್ಲಿ ನಾನು ವರ್ಷಾವರ್ಷ ಪಾಠ ಮಾಡುತ್ತೇನೆ. ಅಲೆ ಮೊದಲು ಬುಡವನ್ನು ತಿನ್ನುತ್ತದೆ. ಮೇಲಿನ ಭಾಗ ಕೆಲವು ದಿನ ಚಾಚಿಕೊಂಡು ನಿಂತಿದ್ದು ಒಮ್ಮೆಲೇ ಕುಸಿಯುತ್ತದೆ. ಕೊಚ್ಚಿಹೋದ ಮಣ್ಣು, ಮರಳು ಇನ್ನೆಲ್ಲೋ ಹೊಸ ದಂಡೆಯಾಗುತ್ತದೆ. ಬೋರ್ಡಿನ ಮೇಲೆ ಚಿತ್ರ ಬರೆದು ಒರೆಸುತ್ತೇನೆ. ನಿಜ ಹೇಳಬೇಕೆಂದರೆ, ನಾನು ಸಮುದ್ರ ನೋಡಿದವಳೇ ಅಲ್ಲ.

ನಾನು ನೋಡಿದ್ದು ಕೃಷ್ಣೆಯನ್ನು. ದೇವದುರ್ಗದ ಕಡೆ ನಮ್ಮ ಹೊಲ ಹೊಳೆಗೆ ಹತ್ತಿಕೊಂಡೇ ಇದೆ. ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುವುದು ನಮ್ಮ ಪದ್ಧತಿ. ಅಪ್ಪ ತೀರಿಕೊಂಡಾಗ ಜಾಗ ತೋರಿಸಿದವಳು ಒಬ್ಬಳೇ ಮಗಳಾದ ನಾನು. ನೇಗಿಲು ತಾಗದ, ಹೊಳೆ ಕಾಣುವ ದಿಬ್ಬ. ಪಕ್ಕದಲ್ಲಿ, ಹೊಳೆಯ ಕಡೆಗೆ, ಅವ್ವನಿಗೂ ಜಾಗ ಬಿಡಿಸಿದ್ದೆ. ಭಾರೀ ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ.

ಕಳೆದ ಸಲ ಪ್ರವಾಹ ಇಳಿದ ಮೇಲೆ, ಅಮಾವಾಸ್ಯೆಗೆ ಅವ್ವನನ್ನು ಕರೆದುಕೊಂಡು ಹೋದೆ. ಅವಳು ಸಮಾಧಿಗೆ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಎಂದಿನಂತೆ ತನ್ನ ಜಾಗದಲ್ಲಿ ಕಾಲು ಚಾಚಿ ಕುಳಿತಳು. ತಂಬಿಗೆಯಲ್ಲಿ ನೀರು ತರಲು ಕೆಳಗಿಳಿದ ನಾನು ತಿರುಗಿ ನೋಡಿದೆ. ಅವ್ವ ಕುಳಿತ ನೆಲದ ಕೆಳಗೆ ಮಣ್ಣೇ ಇರಲಿಲ್ಲ, ಬೇರುಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ನನ್ನ ಬೋರ್ಡಿನ ಚಿತ್ರವೇ, ಅದರ ಮೇಲೆ ನಮ್ಮವ್ವ.

ಕೂಗಿದರೆ ಗಾಬರಿಯಾಗಿ ಎದ್ದಾಳೆಂದು ಬಾಯಿ ಮುಚ್ಚಿಕೊಂಡು ಮೇಲೆ ಹತ್ತಿದೆ. ಸಮಾಧಿಗೂ ಅವಳಿಗೂ ನಡುವೆ ಬೆರಳು ತೂರುವಷ್ಟು ಬಿರುಕು.

"ಯವ್ವಾ, ಸೀರಿಗಿ ಜಾಲಿಮುಳ್ಳು ಹತ್ಯಾವ. ಏಳಬ್ಯಾಡ, ಕುಂತಕೊಂಡೇ ಈ ಕಡಿ ಸರಿ ಬೇ."

"ಅಯ್ಯ, ಹೊಸಾ ಸೀರಿ!" ಎಂದು ಅವ್ವ ಮೆಲ್ಲಗೆ, ಬಹಳ ಮೆಲ್ಲಗೆ ಸರಿದಳು. ಅವಳ ಕೈ ಸಿಕ್ಕಿದ್ದೇ ತಡ, ಎಳೆದುಕೊಂಡು ಹೊಲದ ನಡುವಿನತನಕ ಓಡಿದೆ.

"ಮುಳ್ಳು ಎಲ್ಲಿ ಅದಾವ?" ಎಂದು ಅವಳು ಸೀರೆ ನೋಡಿಕೊಳ್ಳುತ್ತಿರುವಾಗಲೇ ಹಿಂದೆ ಸದ್ದಾಯಿತು. ಸಮಾಧಿಯ ಆಚೆ ಬರೀ ಆಕಾಶ ಉಳಿದಿತ್ತು.

ನಾನು ಅಳುತ್ತಿದ್ದೆ. ಅವ್ವ ಅಳಲಿಲ್ಲ. ಆ ಕಡೆ ನೋಡಿ, "ನನ್ನ ಜಾಗ ಹೋತು. ಇನ್ನ ನನ್ನ ಎಲ್ಲಿ ಇಡ್ತಿ?" ಎಂದಳು.

ಆಚೆ ದಡದಲ್ಲಿ ಹೊಸ ಮರಳು ಬಿದ್ದಿತ್ತು. ಅದನ್ನು ತೋರಿಸಿ ಪಾಠ ಹೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪ ಈಗ ದಂಡೆಯ ಅಂಚಿನಲ್ಲಿದ್ದಾನೆ, ಮಳೆಗಾಲ ಮತ್ತೆ ಹತ್ತಿರ ಬಂದಿದೆ.