ಗೋಡೆಗೆ ಅಂಟದ ಒಂಬತ್ತು ಚೀಟಿ

ನನ್ನ ತಂಗಿಗೆ ಕಣ್ಣಿಲ್ಲವಂತೆ. ಹಾಗಂದವರು ಅವಳ ಕಂಪನಿಯ ಹಿರಿಯ ಮೇಡಂ. ಹದಿನಾಲ್ಕು ದಿನ ಆಸ್ಪತ್ರೆಯ ಅಂಗಳದ ಬಿಸಿಲಲ್ಲಿ ನಿಂತು, ಬಂದವರ ಹಿಂದೆ ಮುಂದೆ ಸುತ್ತಿ ಕಾಲು ಊದಿಸಿಕೊಂಡ ಹುಡುಗಿಗೆ ಆ ಮಾತು. ನಾಲ್ಕು ವರ್ಷವಾಯಿತು, ಆ ಹೆಂಗಸಿನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಅಲ್ಲಿಂದ ಇಳಿದರೆ ಅದು ಯಾರ ಮೇಲೆ ತಿರುಗುತ್ತದೆ ಅಂತ ನನಗೆ ಗೊತ್ತು.

ತಂಗಿ ನನಗಿಂತ ಹದಿನೇಳು ವರ್ಷ ಚಿಕ್ಕವಳು. ಅಪ್ಪ ತೀರಿಕೊಂಡಾಗ ಅವಳಿಗೆ ಮೂರು ವರ್ಷ, ಅವ್ವ ಹಾಸಿಗೆ ಹಿಡಿದಿದ್ದಳು. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಆದರೆ ಅವಳು ಓದುತ್ತಲೇ ಹೋದಳು. ಡಿಗ್ರಿ ಆಯಿತು, ಅದರ ಮೇಲೆ ಎರಡು ವರ್ಷ ಸರ್ವಿಸ್ ಡಿಸೈನ್ ಅಂತ ಇನ್ನೊಂದು ಓದು.

"ಬಡಗಿ ಕುರ್ಚಿ ಮಾಡ್ತಾನೆ, ದರ್ಜಿ ಅಂಗಿ ಹೊಲೀತಾನೆ. ನೀನೇನೇ ಮಾಡ್ತೀಯ?" ಅಂತ ಕೇಳಿದ್ದೆ.

"ಬ್ಯಾಂಕಿಗೋ ಆಸ್ಪತ್ರೆಗೋ ಹೋದ ಮನುಷ್ಯ ಒಳಗೆ ಕಾಲಿಟ್ಟಲ್ಲಿಂದ ಹೊರಗೆ ಬರೋವರೆಗೂ ಎಲ್ಲೆಲ್ಲಿ ಒದ್ದಾಡ್ತಾನೆ ಅಂತ ನೋಡ್ತೀನಿ ಅಣ್ಣ. ಆ ಒದ್ದಾಟ ಕಮ್ಮಿ ಮಾಡ್ತೀನಿ."

"ಅದಕ್ಕೆ ಸಂಬಳ ಬೇರೆ ಕೊಡ್ತಾರಾ?"

"ಜನರನ್ನ ಒದ್ದಾಡಿಸೋಕೆ ನಿನಗೆ ಕೊಡಲ್ವಾ, ಹಾಗೇ."

ನನ್ನ ಹೆಂಡತಿ ಅಡುಗೆಮನೆಯಿಂದಲೇ ಕಿಸಕ್ಕೆಂದಳು. ಅತ್ತಿಗೆ ನಾದಿನಿ ಸೇರಿದರೆ ನನ್ನ ಕಥೆ ಅಷ್ಟೇ.

ನಾನು ದೊಡ್ಡಾಸ್ಪತ್ರೆಯ ಗೇಟು ಕಾಯುವವನು. ಕಂಟ್ರಾಕ್ಟಿನ ಕೆಲಸ. ನನಗಿಂತ ಮೊದಲು ಅಲ್ಲಿದ್ದವನನ್ನು ಒಂದೇ ಒಂದು ದೂರಿಗೆ ಮಾರನೇ ದಿನ ಮನೆಗೆ ಕಳಿಸಿದ್ದರು. ನರ್ಸುಗಳು ನನಗೆ ಇಟ್ಟ ಹೆಸರು ಬೆಂಕಿಪೊಟ್ಟಣ. ಮುಂದೆ ಹೇಳುವುದಕ್ಕೆ ಇದು ನೆನಪಿರಲಿ.

ಓದು ಮುಗಿದು ಎಂಟು ತಿಂಗಳು ಅಲೆದ ಮೇಲೆ ಅವಳಿಗೆ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅದೂ ತಾತ್ಕಾಲಿಕ. ಮೊದಲು ವಹಿಸಿದ ಕೆಲಸ ಸರಿಹೋದರೆ ಖಾಯಂ, ಇಲ್ಲದಿದ್ದರೆ ಇಲ್ಲ. ಹಣೆಬರಹ ನೋಡಿ, ಆ ಮೊದಲ ಕೆಲಸ ನಮ್ಮ ಆಸ್ಪತ್ರೆಯದೇ ಆಗಬೇಕೆ? ಹೊರರೋಗಿಗಳ ಸಾಲು ಯಾಕೆ ಕರಗುವುದಿಲ್ಲ ಅಂತ ನೋಡಿ ಸರಿಮಾಡುವುದು.

"ಅಲ್ಲಿ ನಾನು ನಿನಗೆ ಯಾರೂ ಅಲ್ಲ, ತಿಳೀತಾ?" ಅಂತ ಹಿಂದಿನ ದಿನವೇ ತಾಕೀತು ಮಾಡಿದಳು. "ನಮ್ಮವರಿರೋ ಜಾಗಕ್ಕೆ ನಮ್ಮನ್ನ ಕಳಿಸಲ್ಲ. ಗೊತ್ತಾದ್ರೆ ಕೆಲಸ ಬೇರೆಯವರ ಪಾಲು."

ಮೊದಲ ದಿನ ಅವಳು ಗೇಟಿಗೆ ಬಂದಾಗ ನಾಲ್ಕು ಜನಕ್ಕೆ ಕೇಳುವಂತೆ ಗದರಿದೆ: "ಏಯ್, ಯಾರಮ್ಮ ನೀನು? ದಾರಿಗೆ ಅಡ್ಡ ನಿಲ್ಬೇಡ, ಆ ಕಡೆ ಸರಿ!" ತಲೆ ತಗ್ಗಿಸಿ "ಆಯ್ತು ಸಾರ್" ಅಂದಳು. ಸಂಜೆ ಮನೆಯಲ್ಲಿ "ಸಾರ್, ಕಾಫಿ ತಗೊಳ್ಳಿ ಸಾರ್. ಅಡ್ಡ ನಿಲ್ಲಲ್ಲ ಸಾರ್" ಅಂತ ಲೋಟ ಹಿಡಿದು ನಿಂತಳು. ಮೂವರೂ ಹೊಟ್ಟೆ ಹಿಡಿದು ನಕ್ಕೆವು.

ಅವಳ ಕೆಲಸದ ರೀತಿ ಹೀಗೆ. ಒಬ್ಬ ರೋಗಿಯನ್ನು ಹಿಡಿದರೆ ಗೇಟಿನಿಂದ ಔಷಧಿ ಕಿಟಕಿಯವರೆಗೆ ಅವರ ಜೊತೆಗೇ ನಡೆಯುವಳು. ಎಲ್ಲಿ ನಿಂತರು, ಯಾರನ್ನು ಕೇಳಿದರು, ಎಷ್ಟು ಹೊತ್ತಾಯಿತು, ಒಂದೊಂದಕ್ಕೂ ಒಂದು ಹಳದಿ ಚೀಟಿ. ಸಂಜೆ ಬಂದು ನಮ್ಮ ಮುಂದಿನ ಕೋಣೆಯ ಗೋಡೆಗೆ ದೊಡ್ಡ ಕಾಗದ ಹೊಡೆದು ಚೀಟಿಗಳನ್ನು ಸಾಲಾಗಿ ಅಂಟಿಸುವಳು. ಆಸ್ಪತ್ರೆಯವರಿಗೆಲ್ಲ ಅವಳು ಚೀಟಿ ಮೇಡಂ ಆದಳು. ಹದಿನಾಲ್ಕು ದಿನಕ್ಕೆ ನಮ್ಮ ಗೋಡೆ ಅರಿಸಿನ ಬಳಿದ ಹಾಗಾಯಿತು.

ಅವಳು ಕಂಡುಹಿಡಿದದ್ದು ಇಷ್ಟು. ಎರಡನೇ ಸಲ ಬಂದವರಿಗೆ ಪಕ್ಕದಲ್ಲೇ ಬೇರೆ ಬಾಗಿಲಿದೆ, ಅದು ತಿಳಿಯದೆ ಅವರು ಹೊಸಬರ ಸಾಲಿನಲ್ಲಿ ಎರಡೆರಡು ಗಂಟೆ ನಿಲ್ಲುತ್ತಾರೆ. ನೆಲಕ್ಕೆ ಎರಡು ಬಣ್ಣದ ಗೆರೆ ಎಳೆಸಿದಳು, ಫಲಕ ಬರೆಸಿದಳು. ಒಂದು ವಾರ ಪರೀಕ್ಷೆ.

ಮೂರನೇ ದಿನಕ್ಕೇ ಬಣ್ಣ ಬಯಲಾಯಿತು. ಓದಲು ಬಾರದವರು, ಕನ್ನಡಕ ಮರೆತವರು ಮತ್ತೆ ಅದೇ ತಪ್ಪು ಸಾಲಿಗೆ. ಬಾಯಿಬಿಟ್ಟು ಕೇಳಬಹುದಿತ್ತಲ್ಲ? ಕೇಳಲಿಲ್ಲ. ನಾನು ಕಂಬದ ಹಾಗೆ ಅಲ್ಲೇ ನಿಂತಿದ್ದೆ, ನನ್ನನ್ನೂ ಕೇಳಲಿಲ್ಲ. "ದನ ನುಗ್ಗಿದ ಹಾಗೆ ನುಗ್ತೀರಲ್ಲ, ನೆಲದ ಮೇಲಿನ ಬಣ್ಣ ಕಾಣಲ್ವಾ!" ಅಂತ ತಂಗಿಯ ಪರವಾಗಿ ಇನ್ನೂ ಜೋರಾಗಿ ಗದರಿದೆ.

ವಾರದ ಕೊನೆಗೆ ಹಿರಿಯ ಮೇಡಂ ಬಂದರು. ಅಂಗಳದಲ್ಲಿ ರೋಗಿಗಳು ಕೂರುವ ಬೆಂಚಿನ ಮೇಲೆ, ತಂಗಿ ಮನೆಯ ಗೋಡೆಯಿಂದ ಬಿಡಿಸಿ ತಂದ ಚೀಟಿ ಕಾಗದ ಹರಡಿ ಬೆರಳಿಟ್ಟು ಕೇಳಿದರು: "ಒಳಗೆ ಬಂದ್ರು, ಸಾಲಲ್ಲಿ ನಿಂತ್ರು ಅಂತಿದೆ. ಮಧ್ಯೆ ಗೇಟಲ್ಲಿ ಏನಾಯ್ತು? ಯಾರೂ ಯಾರನ್ನೂ ಏನೂ ಕೇಳಲೇ ಇಲ್ವಾ? ಒಂದು ಚೀಟಿಯೂ ಇಲ್ವಲ್ಲ."

ತಂಗಿ ಕಾಗದದ ಮಡಿಸಿದ ಅಂಚನ್ನು ನೆಟ್ಟಗೆ ಮಾಡಿದಳು.

"ಹದಿನಾಲ್ಕು ದಿನ ಇಲ್ಲೇ ನಿಂತಿದ್ರಿ. ಕಣ್ಣಿಲ್ವೇನಮ್ಮ ನಿಮಗೆ?"

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವಳು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಯಾರಿಗೆ ಯಾರೋ ಅನ್ನುವ ಹಾಗೆ ಇಬ್ಬರೂ ನಿಂತಿದ್ದೆವು.

ಕೆಲಸ ಹೋಯಿತು. ಆ ಕಸುಬಿನವರು ಇಡೀ ಊರಿಗೆ ಬೆರಳೆಣಿಕೆಯ ಜನ, ಎಲ್ಲರಿಗೂ ಎಲ್ಲರೂ ಗೊತ್ತು. ಇನ್ನೊಂದು ಕಡೆ ಯಾರೂ ಕರೆಯಲಿಲ್ಲ. ಅವಳು ಗೋಡೆಯ ಮೇಲಿನ ಅಂಟು ಕೆರೆಯುತ್ತಿದ್ದಾಗ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ: "ಎರಡು ವರ್ಷ ಮೇಲೆ ಓದಿ ಒಂದು ಸಾಲು ನೆಟ್ಟಗೆ ನಿಲ್ಲಿಸೋಕೆ ಬರಲಿಲ್ವಲ್ಲೇ ನಿನಗೆ!"

"ಬರಲಿಲ್ಲ ಅಣ್ಣ" ಅಂದಳು. ಕೆರೆಯುವುದನ್ನು ನಿಲ್ಲಿಸಲಿಲ್ಲ.

ಆ ತಿಂಗಳೇ ಬೇರೆ ಊರಿಗೆ ಹೋದಳು. ಈಗ ಒಂದು ಪಾರ್ಸೆಲ್ ಆಫೀಸಿನ ಕಿಟಕಿಯಲ್ಲಿ ಕೂತು ಪೊಟ್ಟಣ ತೂಗುತ್ತಾಳೆ.

ಎರಡು ವರ್ಷ ಕಳೆದ ಮೇಲೆ ನನ್ನ ಹೆಂಡತಿ ಕಪಾಟು ಒರೆಸುವಾಗ ಅವಳು ಬಿಟ್ಟುಹೋದ ದಪ್ಪ ಪುಸ್ತಕವೊಂದು ಬಿತ್ತು. ಒಳಗೆ ಹೇರ್‌ಪಿನ್ ಸಿಕ್ಕಿಸಿದ ಒಂಬತ್ತು ಹಳದಿ ಚೀಟಿ. ಕೂಡಿಸಿ ಕೂಡಿಸಿ ಓದಿದೆ.

"ಮುದುಕರು, ಕಾಲಿಗೆ ಪಟ್ಟಿ. ಗೇಟಿನಲ್ಲಿ ದಾರಿ ಕೇಳಿದರು. ಗದರಿದರು. ತಪ್ಪು ಸಾಲು, ಎರಡು ಗಂಟೆ."

"ಬಸುರಿ. ಕೇಳಲು ಬಂದು, ಮುಂದಿನವರಿಗೆ ಬೈದದ್ದು ಕೇಳಿ ಹಿಂದೆ ಸರಿದಳು. ತಪ್ಪು ಸಾಲು."

ಎಂಟು ಚೀಟಿಯಲ್ಲೂ ಇದೇ. ಗದರಿದ್ದು ಯಾರು ಅಂತ ಒಂದರಲ್ಲೂ ಬರೆದಿರಲಿಲ್ಲ. ಒಂಬತ್ತನೆಯದು ಬೇರೆ ತರಹ ಇತ್ತು.

"ಗೇಟಿನವರು ಬೆಳಗ್ಗೆ ಏಳರಿಂದ ನಿಂತಿದ್ದಾರೆ. ಕುರ್ಚಿ ಇಲ್ಲ. ನೀರು ಕುಡಿದು ಬರಲು ಬದಲಿಗೆ ಯಾರೂ ಇಲ್ಲ. ಬೆಳಗ್ಗೆ ಬಂದವರಿಗೆ ದಾರಿ ಹೇಳುತ್ತಾರೆ. ಹನ್ನೊಂದರ ಮೇಲೆ ಗದರುತ್ತಾರೆ. ಮೊದಲು ಒಂದು ಕುರ್ಚಿ ಬೇಕು."

ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದಳು. ಕಣ್ಣಿಲ್ಲವಂತೆ ನನ್ನ ತಂಗಿಗೆ! ನನ್ನ ಹೆಂಡತಿಗೂ, ನನಗೂ ಕಾಣದ್ದು ಅವಳಿಗೆ ಕಂಡಿತ್ತು. ಅಂಟಿಸಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ನನ್ನದು ಉಳಿಯುವುದು ಅನುಮಾನವಿತ್ತು.

ಮಾರನೇ ದಿನ ರಜೆ ಹಾಕಿ, ಚೀಟಿ ಜೇಬಿಗಿಟ್ಟುಕೊಂಡು ಅವಳ ಕಂಪನಿಗೆ ಹೋದೆ. ಮೇಡಂ ಮುಂದೆ ಇಟ್ಟು, ಗದರಿದವನು ನಾನೇ, ನಾನು ಅವಳ ಅಣ್ಣ, ಅವಳನ್ನು ವಾಪಸ್ ಕರೀರಿ ಅನ್ನಬೇಕು. ದಾರಿಯುದ್ದಕ್ಕೂ ಇದನ್ನೇ ಬಾಯಿಪಾಠ ಮಾಡಿದ್ದೆ. ಗೇಟಿನಲ್ಲಿ ನನ್ನ ವಯಸ್ಸಿನವನೇ ಒಬ್ಬ ನಿಂತಿದ್ದ.

"ಏನ್ರೀ, ಯಾರು ಬೇಕು? ಅಲ್ಲೇ ನಿಂತು ಹೇಳಿ! ಕಂಡಕಂಡವರೆಲ್ಲ ನುಗ್ಗೋಕೆ ಇದೇನು ಸಂತೆನಾ?"

ಊರಿಗೆಲ್ಲ ಬೈಯುವ ನನ್ನ ನಾಲಿಗೆ ಬಿದ್ದುಹೋಯಿತು. ಬಾಯಿಪಾಠ ಮಾಡಿದ್ದರಲ್ಲಿ ಒಂದಕ್ಷರ ನೆನಪಾಗಲಿಲ್ಲ. "ತಪ್ಪು ವಿಳಾಸ" ಅಂದು ತಿರುಗಿ ಬಂದೆ. ಗಡಿಯಾರ ನೋಡಿದೆ, ಹನ್ನೆರಡೂವರೆ. ಅವನ ಹತ್ತಿರವೂ ಕುರ್ಚಿ ಇರಲಿಲ್ಲ. ನಾಳೆ ಬೆಳಗ್ಗೆ ಬೇಗ ಹೋದರಾಯಿತು ಅಂದುಕೊಂಡೆ. ಆ ನಾಳೆಗೆ ಈಗ ಎರಡು ವರ್ಷ.

ತಂಗಿ ಭಾನುವಾರ ಫೋನ್ ಮಾಡುತ್ತಾಳೆ. ಮೊದಲಿನಿಂದಲೂ ಅವಳು ಕೇಳುವ ಮೊದಲ ಮಾತು ಒಂದೇ: "ಅಣ್ಣ, ಕೂತಿದ್ದೀಯಾ?" ಫೋನಿನಲ್ಲಿ ಮಾತು ಶುರುಮಾಡುವ ಅವಳ ಚಾಳಿ ಅಂದುಕೊಂಡಿದ್ದೆ. ಈಗ ಆ ಪ್ರಶ್ನೆ ಬಂದಾಗಲೆಲ್ಲ ಜೇಬಿನ ಚೀಟಿ ಎದೆಗೆ ಒತ್ತುತ್ತದೆ. ಅವಳಿಗೆ ಹೇಳಬೇಕಾದ ಒಂದು ಮಾತು ಬಾಕಿ ಇದೆ. ನನಗೆ ಗದರುವುದು ಗೊತ್ತು, ತಪ್ಪಾಯಿತು ಅನ್ನುವುದನ್ನು ಯಾರೂ ಕಲಿಸಲಿಲ್ಲ.

"ಹೂಂ ಕಣೇ, ಕೂತಿದ್ದೀನಿ" ಅಂತೀನಿ, ಗೇಟಿನ ಸರಳು ಹಿಡಿದು ನಿಂತುಕೊಂಡು.